ಮಾಮಾ ಮತ್ತು ನೆಗ್ಗಿದ ಬಾಗಿಲು

ನಮ್ಮ ಸೋದರಮಾವನ ಕ್ಯಾಮೆರಾ ಮುಂದೆ ಕುಳಿತು ಕುರೂಪಿಯಾಗಿ ಎದ್ದುಬಂದವರು ಮಾನ್ವಿ ತಾಲ್ಲೂಕಿನಲ್ಲೇ ಇಲ್ಲ! ಸ್ಟುಡಿಯೋ ಇಟ್ಟು ನಲವತ್ತು ವರ್ಷ. ಮೆಳ್ಳಗಣ್ಣು, ಉಬ್ಬುಹಲ್ಲು, ಬೋಳುತಲೆ ಯಾವುದಕ್ಕೂ ಅವನ ಫೋಟೋದೊಳಗೆ ಕಾಲಿಡುವ ಧೈರ್ಯವಾಗಿಲ್ಲ. ಕವಿತಾಳದ ಹಿರಿಯರೊಬ್ಬರು ತಮ್ಮ ಫೋಟೋ ನೋಡಿ, "ಇದು ನಮ್ಮ ತಮ್ಮಂದ್ರೀ, ನಂದು ಕೊಡ್ರಿ" ಎಂದು ಜಗಳ ತೆಗೆದಿದ್ದರಂತೆ. ನನ್ನನ್ನಂತೂ ಚಿಕ್ಕಂದಿನಿಂದ "ಎಡಕ್ಕ ತಿರುಗವ್ವಾ, ಇನ್ನಾ ಸ್ವಲ್ಪ" ಎಂದು ತಿರುಗಿಸಿ ತಿರುಗಿಸಿ, ಎಲ್ಲ ಫೋಟೋಗಳಲ್ಲೂ ನಾನು ಪಕ್ಕದ ಮನೆಯ ಜಗಳ ನೋಡುತ್ತಿರುವಂತೆ ಕಾಣುತ್ತೇನೆ!

ಇಂಥವನ ಕೈಗೆ ನನ್ನ ಕಾರು ಸಿಕ್ಕಿತು. ಹತ್ತಿ ಹೇರಿದ ಟ್ರ್ಯಾಕ್ಟರೊಂದು ಹಿಂದಕ್ಕೆ ಬಂದು ನನ್ನ ಕಡೆಯ ಬಾಗಿಲನ್ನು ನೆಗ್ಗಿಸಿ ಹೋಗಿತ್ತು. ಬಾಗಿಲು ತೆರೆಯುತ್ತಲೇ ಇರಲಿಲ್ಲ. ದೇವದುರ್ಗದ ಶಾಲೆಯಲ್ಲಿ ಪಾಠ ಹೇಳುವ ನಾನು ದಿನಾ ಸೀರೆ ಎತ್ತಿ ಕಟ್ಟಿ, ಎಡಬಾಗಿಲಿನಿಂದ ಹತ್ತಿ, ಗೇರು ದಾಟಿ ನನ್ನ ಸೀಟಿಗೆ ಬರಬೇಕು. ಇಡೀ ಏಳನೇ ಕ್ಲಾಸು ಕಿಟಕಿಯಲ್ಲಿ! ಮರ್ಯಾದೆ ಉಳಿಯಬೇಕಾದರೆ ಬಾಗಿಲು ಬೇಗ ರಿಪೇರಿಯಾಗಬೇಕಿತ್ತು. ರಾಯಚೂರಿನ ಗ್ಯಾರೇಜಿನ ಮಿಸ್ತ್ರಿ, "ಮೊದ್ಲು ಫೋಟೋ ಕಳಸ್ರಿ ಮೇಡಂ, ನೋಡಿ ಎಸ್ಟಿಮೇಟ್ ಹೇಳತೀನಿ" ಎಂದರು. ನಾನು ತೆಗೆದದ್ದರಲ್ಲಿ ಹೊಳೆಯುವ ಬಣ್ಣದ ಮೇಲೆ ನನ್ನದೇ ಪ್ರತಿಬಿಂಬ. "ಬರೇ ನೀವ ಕಾಣಾಕತ್ತೀರಲ್ರಿ ಮೇಡಂ!"

"ನಾ ಇಲ್ಲೇನು ಬೇ?" ಎಂದು ಮಾಮಾ ಫೋನು ಕಸಿದುಕೊಂಡ. ಕಾರು ತೊಳೆದ, ಒರೆಸಿದ, ಕನ್ನಡಿಗೊಂದು ಸೇವಂತಿಗೆ ಸಿಕ್ಕಿಸಿದ. ಮೂರು ಸುತ್ತು ಹಾಕಿ, ಕುಕ್ಕರುಗಾಲಲ್ಲಿ ಕೂತು ಎಂಟು ಫೋಟೋ ತೆಗೆದು ಕಳಿಸಿದ. ಹತ್ತೇ ನಿಮಿಷಕ್ಕೆ ಮಿಸ್ತ್ರಿಯ ಫೋನು: "ಮೇಡಂ, ಗಾಡಿ ಮಾರಾಕ ಇಟ್ಟೀರೇನ್ರಿ? ನಮ್ಮ ಅಳಿಯಾ ತಗೊಂತೀನಿ ಅನ್ನಾಕತ್ತಾನ!"

ನನಗೆ ಸಿಟ್ಟು ನೆತ್ತಿಗೇರಿತು.

"ಮಾಮಾ, ಪೆಟ್ಟು ಎಲ್ಲದ?"

"ಪೆಟ್ಟು ಯಾಕ ತೋರಸಬೇಕು ಬೇ? ಪಾಪ, ಅದರ ತಪ್ಪೇನದ?"

"ತೋರಸದಿದ್ರ ರಿಪೇರಿ ಆಗಂಗಿಲ್ಲ ಮಾಮಾ!"

ಮಾಮಾ ಫೋನು ನನ್ನ ಕೈಗಿಟ್ಟು ಹೊರಟ. ಸಂಜೆ ಬಿಳಿ ಧೋತರವೊಂದನ್ನು ಹಿಡಿದುಕೊಂಡು ಮತ್ತೆ ಬಂದ. ಬಾಗಿಲ ಮೇಲೆ ಅಡ್ಡಬಿಸಿಲು ಬೀಳುವವರೆಗೆ ಕಾದ. ಪ್ರತಿಬಿಂಬ ಬೀಳದಂತೆ ಎದುರಿಗೆ ಧೋತರ ಚಾಚಿ ಹಿಡಿಯಲು ನನಗೆ ಹೇಳಿದ. ಒಂದೇ ಒಂದು ಫೋಟೋ. ಅಬ್ಬಾ, ಸಣ್ಣ ಗೀರೂ ಎದ್ದು ಕಾಣುತ್ತಿತ್ತು! ಮಿಸ್ತ್ರಿ ಫೋನಿನಲ್ಲೇ ಕೂಗಿದರು: "ಬಾಗಲಾ ಅಷ್ಟ ಅಲ್ರಿ, ಕೀಲೂ ಸೊಟ್ಟ ಆಗ್ಯಾವ! ಯಾರ್ ತೆಗದಾರ್ರಿ ಇದನ್ನ? ಎಸ್ಟಿಮೇಟ್ ಕಳಸೀನಿ, ಸೋಮವಾರ ಗಾಡಿ ತರ್ರಿ." ಗೆದ್ದೆವು! ನಾನು ಧೋತರವನ್ನು ಬಾವುಟದಂತೆ ಬೀಸಿದೆ.

"ಇಷ್ಟು ಬರತದ, ಮತ್ತ ಮುಂಜಾನಿ ಯಾಕ ಮುಚ್ಚಿಟ್ಟಿ?" ಎಂದೆ.

"ನಲವತ್ತು ವರ್ಷ ಮುಚ್ಚಿದ ಕೈ ಇದು. ಎಲ್ಲಿ ಮುಚ್ಚಬೇಕಂತ ಗೊತ್ತಿದ್ದಾವಗ ಎಲ್ಲಿ ತೋರಸಬೇಕಂತ ಗೊತ್ತಿರಂಗಿಲ್ಲೇನು?"

ಥಟ್ಟನೆ ನನ್ನ ಕೈ ಎಡಗೆನ್ನೆಗೆ ಹೋಯಿತು. ನಾಲ್ಕರ ವಯಸ್ಸಿನಲ್ಲಿ ಕುದಿಯುವ ಹಾಲು ಬಿದ್ದು ಸುಟ್ಟ ಕಲೆ ಅಲ್ಲಿದೆ. ಎಡಕ್ಕೆ ತಿರುಗು, ಎಡಕ್ಕೆ ತಿರುಗು! ಅದಕ್ಕೇ ಅಲ್ಲವೇ ಅದು ಯಾವ ಫೋಟೋದಲ್ಲೂ ಇಲ್ಲದಿರುವುದು?

"ಸಣ್ಣಾಕಿ ಇದ್ದಾಗ ಶಾಲಿ ಫೋಟೋದಾಗ ಆ ಕಲಿ ನೋಡಿ ಅತ್ತು, ನೀನ ಹರದು ಒಗದಿದ್ದಿ" ಎಂದ ಮಾಮಾ. ನನಗೇ ನೆನಪಿಲ್ಲ, ಅವನು ಮರೆತಿರಲಿಲ್ಲ.

ನೆಗ್ಗಿದ ಬಾಗಿಲ ಪಕ್ಕ ನನ್ನನ್ನು ನಿಲ್ಲಿಸಿ ಫೋನು ಎತ್ತಿದ. ನಾನು ರೂಢಿಯಂತೆ ಎಡಕ್ಕೆ ತಿರುಗಿದೆ.

"ಬ್ಯಾಡವ್ವಾ. ಇವತ್ತ ನೆಟ್ಟಗ ನೋಡು."

ನೋಡಿದೆ. ಕಣ್ಣು ತುಂಬಿ ಅವನೇ ಮಸುಕಾಗಿ ಕಂಡ.

ಬಾಗಿಲು ಈಗ ಸಲೀಸಾಗಿ ತೆರೆಯುತ್ತದೆ. ಆ ಫೋಟೋವನ್ನು ಮಾತ್ರ ಗೋಡೆಗೆ ಹಾಕಿಸಿಕೊಂಡಿದ್ದೇನೆ. ಅದರಲ್ಲಿ ಬಾಗಿಲಿನ ಪೆಟ್ಟೂ ಇದೆ, ನನ್ನ ಕಲೆಯೂ ಇದೆ. ನಾನು ಬಾಯ್ತುಂಬ ನಗುತ್ತಿದ್ದೇನೆ.