ಪರದೇಶದವರ ಮುಂದೆ ನಾನು ಏಳದೆ ಕೂತದ್ದು

ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಸಭೆಗಳು ನಡೆಯಲಿವೆ, ಒಂದೊಂದು ಸಭೆ ಒಂದೊಂದು ಸೀಮೆಯಲ್ಲಿ ಎಂದು ಟಿವಿಯಲ್ಲಿ ಹೇಳಿದಾಗ, ಅದಕ್ಕೂ ರಬಕವಿಯ ನಮ್ಮ ಓಣಿಗೂ ಏನು ಸಂಬಂಧ ಎಂದುಕೊಂಡಿದ್ದೆ. ಆದರೆ ನಮ್ಮ ಕಡೆಗೂ ಒಂದು ಸಭೆ ಬಂತು. ಸಭೆಗೆ ಬಂದ ಪರದೇಶದವರು ಒಂದು ದಿನ ಕೈಮಗ್ಗ ನೋಡಬೇಕಂತೆ. ಓಣಿಯ ತುಂಬ ಈಗ ಪವರ್‌ಲೂಮ್‌ಗಳ ಖಟಪಟ. ಕೈಮಗ್ಗ ಇನ್ನೂ ನಡೆಯುವುದು ನಮ್ಮ ಮನೆಯಲ್ಲಿ ಮಾತ್ರ.

ಈ ಭೇಟಿಯ ಜವಾಬ್ದಾರಿ ಹೊತ್ತ ಸಾಹೇಬರು ಬಂದು ಹೇಳಿದರು: "ಏನೂ ತಯಾರಿ ಬ್ಯಾಡ್ರಿ. ದಿನಾ ಹೆಂಗ ನೇಯ್ತೀರಿ, ಹಂಗ ನೇಯ್ರಿ. ಅಷ್ಟ ಸಾಕು."

ಅಷ್ಟಕ್ಕೇ ಸುಮ್ಮನಿರುವ ಮನುಷ್ಯ ನಾನಲ್ಲ. ಅಜ್ಜನ ಕಾಲದ ಮಗ್ಗ, ಎಣ್ಣೆ ಕುಡಿದು ಕರ್ರಗಾಗಿದೆ. ಬನಹಟ್ಟಿಗೆ ಹೋಗಿ ನೀಲಿ ಆಯಿಲ್ ಪೇಂಟ್ ತಂದೆ.

ನನ್ನ ಹೆಂಡತಿ ಗಂಗವ್ವ ಡಬ್ಬಿ ನೋಡಿ ಕೇಳಿದಳು: "ಮಗ್ಗಕ್ಕ ಯಾರಾರ ಬಣ್ಣ ಹಚ್ಚತಾರೇನ್ರಿ? ಅದೇನು ಎತ್ತಿನ ಕೋಡೇನು?"

"ನಿನಗ ತಿಳಿಯೂದಿಲ್ಲ, ಸುಮ್ನಿರು. ಫೋಟೋದಾಗ ಛಲೋ ಬರ್ತದ," ಎಂದೆ.

ಕಂಬ, ಅಡ್ಡಪಟ್ಟಿ, ಲಾಳಿ ಓಡುವ ಹಾದಿ, ಕೊನೆಗೆ ಕೂಡುವ ಹಲಗೆ. ಏನನ್ನೂ ಬಿಡಲಿಲ್ಲ! ಹಳೆಯ ಎಣ್ಣೆ ಕುಡಿದ ಕಟ್ಟಿಗೆಯ ಮೇಲೆ ಪೇಂಟ್ ಬೇಗ ಒಣಗುವುದಿಲ್ಲ ಎಂಬ ವಿಷಯ ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಮರುದಿನ ಕಾರುಗಳು ಬಂದವು. ಬಿಳಿ ಧೋತರ ಉಟ್ಟು, ಮಗ್ಗದ ಮೇಲೆ ಗಂಭೀರವಾಗಿ ಕೂತೆ. ಬೆಳ್ಳಿಗೂದಲಿನ ಹಿರಿಯ ಹೆಣ್ಣುಮಗಳೊಬ್ಬರು ಎಲ್ಲರಿಗಿಂತ ಮುಂದೆ ಬಂದು ಕೈಮುಗಿದರು. ನಿಂತು ಕೈಮುಗಿಯಬೇಕೆಂದು ಏಳಹೋದೆ. ಏಳಲಾಗಲಿಲ್ಲ. ಧೋತರ ಹಲಗೆಯನ್ನು ಬಿಡಲೊಲ್ಲದು! ಇನ್ನೂ ಜೋರು ಮಾಡಿದರೆ ನಾನು ಏಳುತ್ತಿದ್ದೆ, ಧೋತರ ಅಲ್ಲೇ ಉಳಿಯುತ್ತಿತ್ತು.

ಕೂತಲ್ಲಿಂದಲೇ ಕೈಮುಗಿದೆ. ಸಾಹೇಬರ ಮುಖ ಕೆಂಪಾಯಿತು. ದುಭಾಷಿಯಾಗಿ ಬಂದಿದ್ದ ಧಾರವಾಡದ ಹುಡುಗಿ ಬಗ್ಗಿ ಪಿಸುಗುಟ್ಟಿದಳು: "ಕಾಕಾ, ಎದ್ದ ನಿಂದರ್ರಿ."

"ಏಳಾಕ ಬರೂದಿಲ್ಲವ್ವಾ. ಮಾನದ ಪ್ರಶ್ನೆ ಐತಿ," ಎಂದೆ.

ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಕೇಳಿದ್ದೇ ತಡ, ಬಂದವರೆಲ್ಲ ಭಕ್ತಿಯಿಂದ ನೆಲದ ಮೇಲೆ ಕೂತುಬಿಟ್ಟರು! ಈ ಊರಿನ ನೇಕಾರರು ಮಗ್ಗದ ಮೇಲೆ ಕೂತಾಗ ಯಾರು ಬಂದರೂ ಏಳುವುದಿಲ್ಲ, ಅದು ಕಸುಬಿಗೆ ಕೊಡುವ ಮರ್ಯಾದೆ ಎಂದು ಹೇಳಿದ್ದಳಂತೆ. ಆಮೇಲೆ ತಿಳಿಯಿತು.

ಇನ್ನು ನೇಯಲೇಬೇಕು. ಲಾಳಿ ಹೊಡೆದೆ. ಅರ್ಧ ಹಾದಿಗೆ ಅಂಟಿಕೊಂಡು ನಿಂತಿತು. ಬೆಳ್ಳಿಗೂದಲಿನವರು ಪ್ರೀತಿಯಿಂದ ಮಗ್ಗದ ಕಂಬ ಸವರಿದರು. ಅದೇ ಕೈಯಿಂದ ತಮ್ಮ ಬಿಳಿ ಕೋಟನ್ನು ಸರಿಮಾಡಿಕೊಂಡರು. ಐದು ನೀಲಿ ಬೆರಳು!

ಸಾಹೇಬರು ಕಣ್ಣು ಮುಚ್ಚಿಕೊಂಡರು. ಆಗ ಗಂಗವ್ವ ಮುಂದೆ ಬಂದು, "ಬರ್ರಿ ಯವ್ವಾ, ಒಳಗ ಬರ್ರಿ" ಎಂದು ಆಕೆಯ ಕೈ ಹಿಡಿದು ನಡುಮನೆಗೆ ಕರೆದೊಯ್ದಳು. ಉಳಿದವರೂ ಹಿಂದೆ ಹೋದರು. ಕೈಗೆ ಸೀಮೆಎಣ್ಣೆ ಹಚ್ಚಿ ಒರೆಸಿದಳು. ಕೋಟು ಬಿಚ್ಚಿಸಿ, ಸೀರೆ ಉಡಿಸಿದಳು. ಶೇಂಗಾ ಹೋಳಿಗೆ ಕೊಟ್ಟಳು. ಒಳಗೆ ನಗುವೋ ನಗು. ಫೋಟೋಗಳೆಲ್ಲ ಅಲ್ಲೇ ಆದವು. ನಾನು ಹೊರಗೆ ಒಬ್ಬನೇ, ಕಸುಬಿಗೆ ಮರ್ಯಾದೆ ಕೊಡುತ್ತ ಕೂತಿದ್ದೆ.

ಕಾರುಗಳು ಹೋದ ಮೇಲೆ ಗಂಗವ್ವ ಕತ್ತರಿ ತಂದಳು. ಹಲಗೆಗೆ ಅಂಟಿದ ಧೋತರ ಕತ್ತರಿಸಿ ನನ್ನನ್ನು ಬಿಡಿಸಿದಳು.

ಕೆಲವು ದಿನ ಬಿಟ್ಟು ಸಾಹೇಬರ ಫೋನ್ ಬಂತು. ಆ ಫೋಟೋಗಳನ್ನು ನೋಡಿ ಇನ್ನೊಂದು ತಂಡ ನಮ್ಮ ಮನೆಗೇ ಬರಬೇಕೆಂದು ಹಟ ಹಿಡಿದಿದೆಯಂತೆ!

"ನಾ ತಯಾರ ಅದೀನ್ರಿ ಸಾಹೇಬ್ರ," ಎಂದೆ.

"ಅದಕ್ಕ ಫೋನ್ ಮಾಡೇನ್ರಿ," ಎಂದರು. "ನಿಮ್ಮ ಮನಿಯವರು ಇದ್ದರ ಸಾಕು. ಅವತ್ತು ನೀವು ಎಲ್ಯಾರ ಊರಿಗೆ ಹೋಗಿ ಬರ್ರಲ್ಲ?"

ದೇಶಸೇವೆಗೆ ಹಿಂದೇಟು ಹಾಕುವವನಲ್ಲ ನಾನು. ಅವತ್ತು ಬೆಳಿಗ್ಗೆ ಎದ್ದವನೇ ಮಹಾಲಿಂಗಪುರದ ಬಸ್ ಹತ್ತಿದೆ!