ಹೂಂಗುಟ್ಟುವವರು ಬೇಕಾಗಿದ್ದಾರೆ

ಬಡ್ತಿ ಎಂದರೇನೆಂದು ನನಗೀಗ ಗೊತ್ತಾಗಿದೆ. ಹತ್ತು ಜನರ ನಡುವೆ ಹರಟೆ ಹೊಡೆದುಕೊಂಡು ಸುಖವಾಗಿದ್ದವನನ್ನು ಹಿಡಿದು ಒಂಟಿ ಕೋಣೆಗೆ ಹಾಕುವುದು. ನಮ್ಮದು ಕಬ್ಬಿಣದ ಬೀರು ಮಾಡುವ ಕಂಪನಿ. ನನಗೆ ಕೊಟ್ಟ ಕೋಣೆ ನಮ್ಮದೇ ದೊಡ್ಡ ಬೀರುವಿಗಿಂತ ಒಂದು ಗೇಣು ಅಗಲ. (ಬೀರುವಿಗೆ ಕನ್ನಡಿಯಾದರೂ ಇರುತ್ತದೆ, ಇನ್ನೊಂದು ಮುಖ ಕಾಣುತ್ತದೆ.)

ಮೇಜಿನ ಮೇಲೆ ಇಪ್ಪತ್ತು ಗುಂಡಿಗಳ ಹೊಸ ಫೋನು, ಜೊತೆಗೊಂದು ಹೆಡ್‌ಸೆಟ್. ಟೆಲಿಫೋನಿನವನು ಬಂದು, "ಇದನ್ನ ಕಿವಿಗೆ ಹಾಕ್ಕೊಂಡ್ರೆ ಎರಡು ಕೈಯೂ ಖಾಲಿ ಸಾರ್. ಈ ಗುಂಡಿ ಒತ್ತಿದ್ರೆ ಸ್ಪೀಕರು" ಎಂದು ಉಪದೇಶ ಮಾಡಿ ಹೋದ. ಆ ಕ್ಷಣವೇ ನನ್ನ ತಲೆಯಲ್ಲಿ ಮಹೋಪಾಯವೊಂದು ಉದಯಿಸಿತು. ನನ್ನಾಕೆ ದಿನಾ ಊಟದ ಹೊತ್ತಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡುತ್ತಾಳೆ. ರಿಸೀವರನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ನನ್ನ ಕತ್ತು ಎಡಕ್ಕೆ ವಾಲಿಹೋಗಿತ್ತು. ಇನ್ನು ಹೆಡ್‌ಸೆಟ್ ಹಾಕಿಕೊಂಡು ಪತ್ರಗಳಿಗೆ ಸಹಿ ಮಾಡುತ್ತಾ ನಡುನಡುವೆ "ಹೂಂ" ಎಂದರೆ ದಾಂಪತ್ಯಧರ್ಮವೂ ನಡೆಯಿತು, ಕಚೇರಿ ಕೆಲಸವೂ ನಡೆಯಿತು.

ಹತ್ತು ದಿನ ನಡೆಯಿತು. ಹನ್ನೊಂದನೆಯ ದಿನ ಅವಳು, "ನಿಮ್ಮ ಮದುವೆ ಸೂಟು ನೆಲ ಒರೆಸೋಕೆ ತಗೊಂಡೆ" ಎಂದಳಂತೆ. ನಾನು, "ಹೂಂ, ಒಳ್ಳೇದಾಯ್ತು" ಎಂದೆನಂತೆ.

ಸಂಜೆ ಮನೆಯಲ್ಲಿ ವಿಚಾರಣೆ.

"ಇಷ್ಟು ದಿನ ನಾನೇನು ಗೋಡೆ ಜೊತೆ ಮಾತಾಡ್ತಿದ್ನಾ?"

"ಕೇಳಿಸ್ಕೊಳ್ತಿದ್ದೆ ಕಣೇ..."

"ಸೂಟು ಒದ್ದೆಯಾಗಿದೆ. ಹೋಗಿ ಒಣಗ್ಹಾಕಿ."

ಅಂದಿನಿಂದ ಅವಳ ಫೋನು ನಿಂತಿತು. ಆ ಕೋಣೆಯಲ್ಲಿ ಮಾತು ಅಂತ ಇದ್ದದ್ದು ಅದೊಂದೇ ಎಂದು ಆಗ ತಿಳಿಯಿತು. ಹಳೆಯ ಗೆಳೆಯರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ, ನಗುವುದನ್ನು ನಿಲ್ಲಿಸುತ್ತಾರೆ. ಚಹಾದವನು ಲೋಟ ಇಟ್ಟು ಕಾಲಿಗೆ ಬುದ್ಧಿ ಹೇಳುತ್ತಾನೆ. ಡಬ್ಬಿ ಬಿಚ್ಚಿ ಗೋಡೆ ನೋಡುತ್ತಾ ಉಣ್ಣುತ್ತಿದ್ದೆ. ಫೋನು ಕೆಟ್ಟಿದೆಯೇನೋ ಎಂದು ಆಗಾಗ ಎತ್ತಿ ನೋಡುತ್ತಿದ್ದೆ. ಅದು ಆರೋಗ್ಯವಾಗಿ ಗುಂಯ್ ಎನ್ನುತ್ತಿತ್ತು.

ಕೊನೆಗೆ ಹಟ ಬಿಟ್ಟು ನಾನೇ ಫೋನ್ ಮಾಡತೊಡಗಿದೆ. ಕೋಣೆ ತುಂಬ ಅವಳ ದನಿ ಇರಲೆಂದು ಸ್ಪೀಕರ್ ಹಾಕಿದೆ. "ಹೇಳಿ" ಎನ್ನುವಳು, ಆಮೇಲೆ ಬರೀ "ಹೂಂ". ಅದೂ ಬಾವಿಯೊಳಗಿಂದ ಬಂದಂತೆ ದಪ್ಪ ದನಿಯಲ್ಲಿ.

"ಶೀತ ಆಗಿದೆಯಾ?"

"ಹೂಂ."

"ಬಿಸಿನೀರು ಕುಡಿ."

"ಹೂಂ."

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಎದುರಾಡದೆ ನನ್ನ ಮಾತು ಕೇಳಿದ್ದು ಅದೇ ಮೊದಲು. ನಾನು ಕರಗಿಹೋದೆ.

ನಾಲ್ಕನೆಯ ದಿನ ಮನಸ್ಸು ತಡೆಯಲಿಲ್ಲ. "ನೋಡೇ, ತಪ್ಪು ನಂದೇ. ಈ ಕೋಣೆಗೆ ಯಾರೂ ಬರಲ್ಲ. ದಿನಕ್ಕೊಂದ್ಸಲ ನೀನು ಬೈದಿದ್ರೂ ಸಾಕಿತ್ತು, ಇಲ್ಲಿ ನಾನೊಬ್ಬ ಇದೀನಿ ಅಂತ ಗೊತ್ತಾಗ್ತಿತ್ತು. ತುಂಬ ಒಂಟಿ ಅನ್ಸುತ್ತೆ ಕಣೇ."

ಸ್ಪೀಕರು ಸೊರ್ರೆಂದು ಮೂಗು ಎಳೆದುಕೊಂಡಿತು. ಆಮೇಲೆ ಅದರೊಳಗಿಂದ ಗಂಡು ದನಿಯೊಂದು, "ಸಾರ್, ನಾನು ನಲ್ಲಿ ರಿಪೇರಿಯವನು. ಸ್ನಾನದ ಮನೆ ಪೈಪು ಹಾಕ್ತಿದೀನಲ್ಲ, ಅವನೇ" ಎಂದಿತು.

ಅವನೇ ಮುಂದುವರಿಸಿದ: "ಅಮ್ಮಾವ್ರು ಪಕ್ಕದ್ಮನೇಲಿದಾರೆ. ದಿನಾ ಫೋನು ಸ್ಪೀಕರಿಗೆ ಹಾಕಿ ಇಲ್ಲಿ ಕಿಟಕೀಲಿಟ್ಟು, ನಿನ್ನ ಕೆಲಸ ನೀನು ಮಾಡ್ಕೋ, ಮಧ್ಯೆ ಮಧ್ಯೆ ಹೂಂ ಅಂದ್ರೆ ಸಾಕು, ಅವರೂ ಹಾಗೇ ಮಾಡೋದು ಅಂತ ಹೇಳಿ ಹೋಗ್ತಾರೆ. ನಾನು ಪಾನಾ ಕೆಳಗಿಟ್ಟು ಪೂರ್ತಿ ಕೇಳಿಸ್ಕೊಂಡೆ ಸಾರ್. ನಾಲ್ಕು ದಿನಾನೂ."

ಅತ್ತ ಅವನು ಸಾಮಾನು ಚೀಲಕ್ಕೆ ತುಂಬುವ ಸದ್ದು ಕೇಳಿಸಿತು.

"ಕೆಲಸ ಇವತ್ತಿಗೆ ಮುಗೀತು ಸಾರ್. ನಾಳೆಯಿಂದ ಬರಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಫೋನಿನ ಹತ್ತಿರಕ್ಕೆ ಬಗ್ಗಿದೆ.

"ಅಡುಗೆಮನೆ ನಲ್ಲೀನೂ ಸೋರ್ತಿದೆಯೇನೋ, ನಾಳೆ ಬಂದು ಸ್ವಲ್ಪ ಸರಿಯಾಗಿ ನೋಡಪ್ಪಾ" ಎಂದೆ.