ಮಾವನ ಅಂಬಾಸಿಡರಿಗೆ ನಾನು ಮಾಡಿದ ಚಿಕಿತ್ಸೆ

ವಾಹನ ದುರಸ್ತಿಯ ವಿಷಯದಲ್ಲಿ ನಾನು ಸಾಮಾನ್ಯ ಮನುಷ್ಯನಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಮಸ್ಕತ್ತಿನ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಅರ್ಧ ಆಯುಷ್ಯ ಬಿಲ್ ಬರೆದವನು ನಾನು. ಯಾವ ನಟ್ಟು ಯಾವ ಕಪಾಟಿನ ಯಾವ ಡಬ್ಬಿಯಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಅದು ಕಾರಿನಲ್ಲಿ ಎಲ್ಲಿರುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ!

ಗಲ್ಫ್ ಬಿಟ್ಟು ಬಂದು ಮಂಗಳೂರಿನ ದೇರೆಬೈಲಿನಲ್ಲಿ ಮನೆ ಮಾಡಿದಾಗ ಮಾವನೂ ನಮ್ಮ ಜೊತೆಗೇ ಬಂದರು. ಅವರ ಹಿಂದೆಯೇ ಅವರ ಬಿಳಿ ಅಂಬಾಸಿಡರ್ ಬಂತು. ಈ ವರ್ಷ ಮಗಳು ಶ್ರಾವ್ಯಳ ಮದುವೆ ನಿಶ್ಚಯವಾದಾಗ ಅವಳು ಒಂದೇ ಮಾತು ಹೇಳಿದಳು: "ಪಪ್ಪಾ, ನಾನು ಮದುವೆ ಹಾಲಿಗೆ ಹೋಗುದು ಅಜ್ಜನ ಕಾರಲ್ಲೇ. ಬೇರೆ ಕಾರು ತಂದ್ರೆ ನಾನು ಹತ್ತುದಿಲ್ಲ."

ಮಾವ ಅಂದಿನಿಂದ ಕಾರನ್ನು ಒರೆಸಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕಾರು ಫಳಫಳ ಹೊಳೆಯುತ್ತಿತ್ತು. ಆದರೆ ಹೊರಡುವಾಗ ಅದರ ಹೊಟ್ಟೆಯಡಿಯಿಂದ ‘ಟಕ್ ಟಕ್’ ಎಂದು ಯಾರೋ ಬಾಗಿಲು ಬಡಿದಂತೆ ಸದ್ದು ಬರುತ್ತಿತ್ತು.

"ಗ್ಯಾರೇಜಿಗೆ ಕೊಡಿ ಮಾರಾಯ್ರೆ," ಎಂದಳು ಹೆಂಡತಿ ಶಶಿಕಲಾ. "ಬರುವ ಆದಿತ್ಯವಾರ ಮದುವೆ ಉಂಟು. ನಿಮ್ಮ ಪ್ರಯೋಗ ಎಲ್ಲ ಈಗ ಬೇಡ."

"ಪ್ರಯೋಗ ಎಂತದ್ದು? ಕ್ರಾಸ್ ಹೋಗಿದೆ, ಅಷ್ಟೆ. ನೋಡು, ಇಂಜಿನ್ ಇರುದು ಮುಂದೆ, ಗಾಡಿಯನ್ನು ಓಡಿಸುವ ಚಕ್ರ ಇರುದು ಹಿಂದೆ. ನಡುವೆ ಒಂದು ಉದ್ದ ಪೈಪು ತಿರುಗ್ತದೆ, ಅದು ಶಾಫ್ಟ್. ಅದರ ತುದಿಯ ಕೀಲೇ ಕ್ರಾಸ್. ನಮ್ಮ ಮೊಣಕಾಲಿನ ಗಂಟು ಇದ್ದ ಹಾಗೆ."

"ನಿಮ್ಮ ಮೊಣಕಾಲೇ ಸರಿ ಇಲ್ಲ. ನೀವು ಕಾರಿನದ್ದು ಸರಿ ಮಾಡ್ತೀರಾ?"

ಮಾವ ನನ್ನ ಪರ ನಿಂತರು. "ಮಾಡ್ಲಿ ಬಿಡು ಮಗಾ. ಗಲ್ಫಿನಲ್ಲಿ ಇದ್ದವರು ಅವರು."

ಆ ವಿಶ್ವಾಸಕ್ಕೆ ಚ್ಯುತಿ ಬಾರದಂತೆ ಗುರುವಾರ ಬೆಳಿಗ್ಗೆ ನಾನು ಕಾರಿನಡಿಗೆ ಸೇರಿದೆ. ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು. ಹ್ಯಾಂಡ್ ಬ್ರೇಕಿನ ಕೇಬಲ್ ಯಾವ ಕಾಲದಲ್ಲೋ ತುಂಡಾಗಿತ್ತು. ಹಾಗಾಗಿ ಕಾರನ್ನು ಗೇರಿನಲ್ಲಿ ನಿಲ್ಲಿಸಿ, ಅಡುಗೆಮನೆಯ ಅರೆಯುವ ಕಲ್ಲಿನ ಗುಂಡನ್ನು ಮುಂದಿನ ಚಕ್ರಕ್ಕೆ ಅಡ್ಡ ಇಟ್ಟೆ. ಮಲಗಲು ಚಾಪೆ ಬೇಕಿತ್ತು. ಜಗಲಿಯಲ್ಲಿ ಒಂದು ಹೊಸ ಚಾಪೆ ಸುರುಳಿ ಸುತ್ತಿಕೊಂಡು ಅನಾಥವಾಗಿ ಕೂತಿತ್ತು. ಅದನ್ನೇ ಹಾಸಿದೆ.

ಎದುರು ಮನೆಯ ಲಿಲ್ಲಿ ಬಾಯಿ ಗೇಟಿನಿಂದ ಬಗ್ಗಿ ನೋಡಿದರು. "ಎಂತ, ಕಾರಿನ ಅಡಿಯಲ್ಲಿ ಮಲಗಿದ್ದೀರಿ? ಶಶಿ ಬೈದಳಾ?"

"ರಿಪೇರಿ, ಬಾಯಮ್ಮ, ರಿಪೇರಿ!"

ನಟ್ಟುಗಳು ತುಕ್ಕು ಹಿಡಿದು ಕಾರಿನ ಜೊತೆ ಒಂದೇ ಜೀವವಾಗಿದ್ದವು. ನಟ್ಟು ಬಿಚ್ಚುವ ಪಾನಾ ಜಾರಿತು. ಬೆರಳು ಜಜ್ಜಿತು. ಕೊನೆಗೆ ಸುತ್ತಿಗೆಯನ್ನು ಕೈಗೆತ್ತಿಕೊಂಡೆ. ಸುತ್ತಿಗೆಯ ಮಾತು ನಟ್ಟಿಗೆ ಅರ್ಥವಾಯಿತು. ಶಾಫ್ಟಿನ ಹಿಂದಿನ ತುದಿ ಬಿಚ್ಚಿಕೊಂಡಿತು. ಮುಂದಿನ ತುದಿಯನ್ನು ಗೇರ್ ಬಾಕ್ಸಿನಿಂದ ಜಗ್ಗಿದೆ. ಅದೂ ಬಂತು! ಅದರ ಹಿಂದೆಯೇ, ಅಷ್ಟು ಹೊತ್ತು ಒಳಗಿದ್ದ ಗೇರ್ ಆಯಿಲ್ ಕೂಡ ಬಂತು. ನೇರ ನನ್ನ ಮುಖಕ್ಕೆ!

ಕಾರಿನಡಿಯಿಂದ ಹೊರಗೆ ಬಂದವನನ್ನು ಕಂಡು ಶ್ರಾವ್ಯ ಕಿರುಚಿದಳು. ಶಶಿಕಲಾ ನನ್ನನ್ನು ನೋಡಲೇ ಇಲ್ಲ. ಚಾಪೆಯನ್ನು ನೋಡಿದಳು.

"ಅಯ್ಯೋ! ಅದು ಮದುಮಗಳನ್ನು ಕೂರಿಸ್ಲಿಕ್ಕೆ ತಂದ ಚಾಪೆ ಮಾರಾಯ್ರೆ!"

ಮಾತು ಬದಲಿಸುವುದು ಒಳ್ಳೆಯದೆಂದು ನಾನು ಶಾಫ್ಟನ್ನು ಗದೆಯಂತೆ ಹೆಗಲ ಮೇಲಿಟ್ಟು ತೋರಿಸಿದೆ. ಅವಳು ಸೋತು, "ಕರೆಂಟ್ ಇಲ್ಲ, ಮಿಕ್ಸಿ ತಿರುಗುದಿಲ್ಲ. ಮೀನಿಗೆ ಮಸಾಲೆ ಅರೆಯಬೇಕು. ಆ ಗುಂಡುಕಲ್ಲು ಆದರೂ ಕೊಡಿ," ಎಂದಳು.

"ಅಗತ್ಯವಾಗಿ ತೆಗೆದುಕೊಂಡು ಹೋಗು. ಗಾಡಿ ಗೇರಿನಲ್ಲಿ ಉಂಟು, ಒಂದಿಂಚೂ ಅಲುಗುದಿಲ್ಲ," ಎಂದೆ. ಕಲ್ಲನ್ನು ನಾನೇ ತೆಗೆದು, ತೊಳೆದು ಕೊಟ್ಟೆ.

ಕಾರು ಅಲುಗಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟು ನಿಂತೇ ಇತ್ತು.

ಅಷ್ಟರಲ್ಲಿ ಮಾವ ಒರೆಸುವ ಬಟ್ಟೆ ಹಿಡಿದು ಬಂದರು. ಮದುವೆಯ ದಿನ ಮೊಮ್ಮಗಳ ಪಕ್ಕ ಹೇಗೆ ಕೂರುವುದೆಂದು ನೋಡಬೇಕೆನಿಸಿತೋ ಏನೋ, ಹಿಂದಿನ ಸೀಟಿನಲ್ಲಿ ಗಂಭೀರವಾಗಿ ಕೂತು ಬಾಗಿಲು ಎಳೆದುಕೊಂಡರು. ಅಂಬಾಸಿಡರಿನ ಬಾಗಿಲು ಮೆಲ್ಲಗೆ ಹಾಕಿದರೆ ಕೂರುವುದಿಲ್ಲ. ‘ಧಡ್!’ ಎಂದು ಹಾಕಿದರು.

ಕಾರು ಹೊರಟಿತು.

ನಾನು ಓಡಿದೆ. ಮುಂದಿನ ಬಾಗಿಲಿನ ಹಿಡಿ ನನ್ನ ಎಣ್ಣೆ ಕೈಗೆ ಸಿಗಲಿಲ್ಲ. ಕಿಟಕಿಯೊಳಗೆ ತೋಳು ತೂರಿಸಿ ಸ್ಟೀರಿಂಗ್ ಹಿಡಿದೆ. ಈಗ ಕಾರು ಉರುಳುತ್ತಿದೆ, ನಾನು ಪಕ್ಕದಲ್ಲಿ ಓಡುತ್ತಾ ಚಲಾಯಿಸುತ್ತಿದ್ದೇನೆ! ಅದೃಷ್ಟಕ್ಕೆ ಗೇಟು ತೆರೆದಿತ್ತು. ಹಿಂದಿನ ಸೀಟಿನಿಂದ ಮಾವನ ಸಂತೃಪ್ತ ಧ್ವನಿ ಕೇಳಿಸಿತು.

"ಇಂಜಿನಿನ ಸೌಂಡೇ ಇಲ್ಲ ಅಲ್ಲವಾ! ಆದರೆ ಅಳಿಯಂದ್ರೇ, ನೀವು ಯಾಕೆ ಹೊರಗಿನಿಂದ ಓಡ್ತೀರಿ? ಒಳಗೆ ಕೂರ್ಬಹುದಲ್ಲ?"

ಗೇಟು ದಾಟಿ, ರಸ್ತೆ ದಾಟಿ, ಲಿಲ್ಲಿ ಬಾಯಿ ಮನೆ ದುರಸ್ತಿಗೆಂದು ತರಿಸಿದ್ದ ಹೊಯ್ಗೆ ರಾಶಿಯ ಮರಳಿನೊಳಗೆ ಕಾರು ಮೂಗು ಹುಗಿಸಿ ನಿಂತಿತು. ನಾನು ಸ್ವಲ್ಪ ಮುಂದಕ್ಕೆ ಹೋಗಿ ಅದೇ ರಾಶಿಯ ಮೇಲೆ ನಿಂತೆ. ನಿಂತೆ ಎನ್ನುವುದಕ್ಕಿಂತ ಬಿದ್ದೆ.

ಮಾವ ಇಳಿದು ಪಂಚೆ ಸರಿಮಾಡಿಕೊಂಡರು. "ಬ್ರೇಕ್ ಭಾರೀ ಚಂದ ಹಿಡಿತದೆ."

ಲಿಲ್ಲಿ ಬಾಯಿ ಮನೆಯಿಂದ ಹೊರಗೆ ಬಂದು ನನ್ನನ್ನು ನೋಡಿದರು. ಮೈಯೆಲ್ಲ ಎಣ್ಣೆ, ಎಣ್ಣೆಯ ಮೇಲೆ ಹೊಯ್ಗೆ. "ಮೀನಿನ ರವಾ ಫ್ರೈ ಆಗಿದ್ದೀರಲ್ಲ!" ಎಂದು ನಗಲು ಶುರು ಮಾಡಿದವರು ಮೆಟ್ಟಿಲ ಮೇಲೆ ಕೂತೇಬಿಟ್ಟರು.

ಶಶಿಕಲಾ ಮಸಾಲೆಯ ಕೈಯಲ್ಲೇ ಓಡಿಬಂದಿದ್ದಳು. ಅಪ್ಪನಿಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿದಳು. "ಆ ಪೈಪು ಜಗಲಿಯಲ್ಲಿ ಉಂಟು. ಗೇರಿಗೂ ಚಕ್ರಕ್ಕೂ ನಡುವೆ ಇರುದು ಅದೇ ಅಲ್ಲವಾ ನೀವು ಹೇಳಿದ್ದು? ಮತ್ತೆ ಗೇರಿನಲ್ಲಿ ಇದ್ದು ಎಂತ ಪ್ರಯೋಜನ?"

ನಾನು ಹೊಯ್ಗೆ ಉಗುಳಿದೆ. ಗೇರಿಗೂ ಚಕ್ರಕ್ಕೂ ಇದ್ದ ಸಂಬಂಧವನ್ನೇ ಕಳಚಿ ಜಗಲಿಯ ಮೇಲೆ ಇಟ್ಟವನು ನಾನು. ಅದು ಮೀನಿನ ಮಸಾಲೆ ಅರೆಯುತ್ತಿದ್ದವಳಿಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ!

ಚಪ್ಪರ ಹಾಕಲು ಬಂದಿದ್ದವರು ಕಾರನ್ನು ಮೇಲಕ್ಕೆ ತಳ್ಳಿದರು. ಕೈಗೆ ಮೆಹಂದಿ ಹಾಕಿಸಿಕೊಂಡಿದ್ದ ಶ್ರಾವ್ಯ ಬೆನ್ನು ಕೊಟ್ಟು, ನಗುತ್ತಾ ತಳ್ಳಿದಳು. ಮಾವ ಒಳಗೆ ಹೋಗಿ ಬಜಪೆಯ ತಮ್ಮನಿಗೆ ಫೋನ್ ಮಾಡುತ್ತಿದ್ದರು: "ನನ್ನ ಅಳಿಯ ಎಂಥ ರಿಪೇರಿ ಮಾಡಿದ್ದಾರೆ ಗೊತ್ತುಂಟಾ? ಪೆಟ್ರೋಲೇ ಬೇಡ ಅಂತ ಕಾಣ್ತದೆ!"

ಆ ಮೇಲೆ ಗ್ಯಾರೇಜಿಗೆ ಕೊಡುವಂತಿರಲಿಲ್ಲ. ನನ್ನ ಕೀರ್ತಿ ಬಜಪೆ ಮುಟ್ಟಿಯಾಗಿತ್ತು. ಮರುದಿನ ಶಾಫ್ಟನ್ನು ಮಾತ್ರ ಲೇತ್ ಅಂಗಡಿಗೆ ಒಯ್ದು ಹೊಸ ಕ್ರಾಸ್ ಕೂರಿಸಿಕೊಂಡು ಬಂದು, ಶಶಿಕಲಾ ಮೊಬೈಲಿನಲ್ಲಿ ವೀಡಿಯೊ ನಿಲ್ಲಿಸಿ ನಿಲ್ಲಿಸಿ ಹೇಳಿಕೊಟ್ಟಂತೆ ಶಾಫ್ಟ್ ಜೋಡಿಸಿದೆ. ಲಿಲ್ಲಿ ಬಾಯಿ ಟಾರ್ಚ್ ಹಿಡಿದರು. ಆಯಿಲ್ ತುಂಬಿಸಿದೆ. ಅಂಗಳದಲ್ಲಿ ಮುಂದೆ ಹಿಂದೆ ಓಡಿಸಿದೆ. ಟಕ್ ಟಕ್ ಇಲ್ಲ! ಶಶಿಕಲಾ ಚಪ್ಪಾಳೆ ತಟ್ಟಿದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಮೊದಲ ಚಪ್ಪಾಳೆ ಅದು.

ಆದಿತ್ಯವಾರ ಹಿಂದೆ ಮದುಮಗಳು, ಅವಳ ಪಕ್ಕ ಅಜ್ಜ, ಮುಂದೆ ಶಶಿಕಲಾ, ಸ್ಟೀರಿಂಗ್ ಹಿಡಿದು ನಾನು. ಹಿಂದೆ ನೆಂಟರ ಬಸ್ಸು. ಹಾಲ್ ಇದ್ದದ್ದು ಪಂಪ್‌ವೆಲ್ ಸರ್ಕಲ್ ದಾಟಿದ ಮೇಲೆ. ಮನೆಯ ಇಳಿಜಾರು ಇಳಿದು ಎರಡನೇ ಗೇರು ಹಾಕಿದೆ. ಸಲೀಸಾಗಿ ಬಿತ್ತು. ಹೆದ್ದಾರಿ ಸೇರಿ ಮೂರನೆಯದಕ್ಕೆ ಎಳೆದೆ. ಬರಲಿಲ್ಲ. ನ್ಯೂಟ್ರಲ್ ಮಾಡಿದೆ. ಅದೂ ಬರಲಿಲ್ಲ. ನನ್ನ ಸುತ್ತಿಗೆಯ ಪೆಟ್ಟುಗಳಲ್ಲಿ ಕೆಲವು ಗೇರಿನ ಸರಳಿನ ಮೇಲೂ ಬಿದ್ದು, ಅದು ಎರಡರಲ್ಲಿ ಕಚ್ಚಿಕೊಂಡಿತ್ತು!

"ಎಂತ ಆಯ್ತು?" ಶಶಿಕಲಾ ಹಲ್ಲು ಕಚ್ಚಿ ಕೇಳಿದಳು.

"ಎಂತದ್ದೂ ಇಲ್ಲ. ನೀನು ನಗ್ತಾ ಇರು."

ಸೈಕಲಿನವರು ನಮ್ಮನ್ನು ದಾಟಿ ಹೋದರು. ಹಿಂದೆ ಬಸ್ಸು, ಲಾರಿ, ಟ್ಯಾಂಕರುಗಳೆಲ್ಲ ಸಾಲುಗಟ್ಟಿ ಹಾರ್ನ್ ಹೊಡೆದವು. ಶ್ರಾವ್ಯ ಅವರೆಲ್ಲ ತನಗೆ ಶುಭ ಕೋರುತ್ತಿದ್ದಾರೆಂದು ಕಿಟಕಿಯಿಂದ ಕೈಬೀಸಿದಳು. ಅವಳನ್ನು ಕಂಡು ಕೆಲವರು ನಿಜಕ್ಕೂ ನಗುತ್ತಾ ಕೈಬೀಸಿದರು. ಒಬ್ಬ ಲಾರಿಯವನು ಹಾರ್ನಿನಲ್ಲೇ ತಾಳ ಹಾಕಿದ. ಮಾವ ಎಲ್ಲರಿಗೂ ಕೈಮುಗಿಯುತ್ತಾ ಬಂದರು.

ಹಾಲಿನ ಬಾಗಿಲಲ್ಲಿ ಗಂಡಿನ ಕಡೆಯವರು ವಾದ್ಯದ ಸಮೇತ ಕಾಯುತ್ತಿದ್ದರು. ನಾನು ಬ್ರೇಕ್ ಒತ್ತಿ, ಇಂಜಿನ್ ಆಫ್ ಮಾಡಿ, ಬೆವರಿನಲ್ಲಿ ಅದ್ದಿ ತೆಗೆದಂತೆ ಇಳಿದೆ. ಬೀಗರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ದೂರದಿಂದಲೇ ನೋಡಿದೆ. ಎಷ್ಟು ನಿಧಾನ ಬಂದಿರಿ! ಮಗಳನ್ನು ಕಳಿಸಿಕೊಡ್ಲಿಕ್ಕೆ ಅಪ್ಪನಿಗೆ ಮನಸ್ಸೇ ಬರುದಿಲ್ಲ. ನನಗೆ ಅರ್ಥ ಆಗ್ತದೆ."

ಶಶಿಕಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ತಲೆ ತಗ್ಗಿಸಿ, ತಂದೆಯ ವೇದನೆಯನ್ನು ಮುಖದ ಮೇಲೆ ತಂದುಕೊಂಡು, ಕರವಸ್ತ್ರದಿಂದ ಕಣ್ಣೊರೆಸಿಕೊಂಡೆ. ಕರವಸ್ತ್ರ ಕಾರಿನಡಿಯ ಕೆಲಸಕ್ಕೆ ಬಳಸಿ ಎಣ್ಣೆಮಸಿ ಹಿಡಿದದ್ದು. ಮದುವೆಯ ಆಲ್ಬಮ್ಮಿನಲ್ಲಿ ವಧುವಿನ ಕಾಡಿಗೆಗಿಂತ ನನ್ನದೇ ಹೆಚ್ಚು ಚೆನ್ನಾಗಿ ಬಿದ್ದಿದೆ.